ಬಿಳಿ ಹೋಗುವವರೆಗೆ

“ಬಿಳಿ ಹೋಯ್ತಾ?”

ಅಡುಗೆಮನೆಯ ಕಿಟಕಿಯ ಗಾಜನ್ನು ಸೆರಗಿನ ತುದಿಯಿಂದ ಒರೆಸುತ್ತ ನಾಗಮಣಿ ಕೇಳಿದಳು. ಕೇಳಿದ್ದು ಯಾರನ್ನೂ ಅಲ್ಲ. ಹದಿನೆಂಟು ವರ್ಷ ಇದೇ ಕಿಟಕಿಯ ಮುಂದೆ ನಿಂತು, ಇದೇ ಹೊತ್ತಿಗೆ, ಇದೇ ಮಾತನ್ನು ಕೇಳುತ್ತಿದ್ದವನು ಅವಳ ಗಂಡ ಚಾಮರಾಜ. ಅವನೂ ಯಾರ ಉತ್ತರಕ್ಕೂ ಕಾಯುತ್ತಿರಲಿಲ್ಲ. ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಕೂತರೆ, ಆ ಮನೆಯಲ್ಲಿ ಅದಕ್ಕೆ ಬಿಳಿ ಎಂದೇ ಹೆಸರು.

ಸೋಮವಾರ ಮಧ್ಯಾಹ್ನ, ಅತ್ಲೋನ್ ಊರಾಚೆಯ ಗಾಲ್ಫ್ ಮೈದಾನದ ಶೆಡ್ಡಿನಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಅಲಗು ಮಸೆಯುತ್ತ ಕೂತಿದ್ದವನು ಹಾಗೇ ಪಕ್ಕಕ್ಕೆ ವಾಲಿದ್ದ. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇವತ್ತು ಗುರುವಾರ. ಚಳಿಗಾಲವಿಡೀ ಮುಚ್ಚಿದ್ದ ಮೈದಾನ ಶನಿವಾರ ತೆರೆಯಬೇಕು.

“ಅಕ್ಕಾ, ಒಂದು ಕಡೆ ಕೂತ್ಕೊಳ್ಳಿ,” ಎಂದಳು ಗೆಳತಿ ವಂದನಾ. ಡಬ್ಲಿನ್ನಿನಿಂದ ಮೊದಲ ರೈಲಿಗೇ ಬಂದು ಒಲೆ ಹಿಡಿದವಳು. “ಎದ್ದಾಗಿಂದ ಅದೇ ಕಿಟಕಿ, ಅದೇ ಬಾಗಿಲು. ಎರಡು ತುತ್ತು ಉಪ್ಪಿಟ್ಟು ತಿನ್ನಿ.”

“ಎಷ್ಟೊತ್ತಿಗೆ ಹೊರಡಬೇಕು ಅಂದೆ?”

“ಹತ್ತೂ ಮುಕ್ಕಾಲಿಗೆ ಗಾಲ್ಫ್ ಕ್ಲಬ್ ಬಿಡಬೇಕು. ಹತ್ತು ಸಲ ಕೇಳಿದ್ರಿ. ಡಬ್ಲಿನ್ನಿನ ಚಿತಾಗಾರದವರು ಹನ್ನೆರಡೂವರೆ ಅಂತ ಕೊಟ್ಟಿದ್ದಾರೆ, ತಪ್ಪಿದ್ರೆ ಸೋಮವಾರವೇ.”

ನಾಗಮಣಿ ತಟ್ಟೆ ತೆಗೆದುಕೊಂಡಳು, ಮೇಜಿನ ಮೇಲಿಟ್ಟಳು, ಮತ್ತೆ ಕಿಟಕಿಗೆ ಹೋದಳು. ತುಟಿಯಲ್ಲಿ ಹರಿನಾಮ ಓಡುತ್ತಿತ್ತು. ಕಣ್ಣು ಮಾತ್ರ ಬೇಲಿಯಾಚೆಯ ಹುಲ್ಲಿನ ಮೇಲಿತ್ತು.

ನಿನ್ನೆ ಸಂಜೆ ಕ್ಲಬ್ಬಿನ ಕ್ಯಾಪ್ಟನ್ ಫಿಂಟನ್ ಬಂದು, ಟೋಪಿ ತೆಗೆದು, ಸೋಫಾದ ತುದಿಯಲ್ಲಿ ಕೂತು ಹೇಳಿದ್ದು ಅವಳ ಎದೆಗೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಅಲ್ಲಿ ಕ್ಯಾಪ್ಟನ್ ಆಗಿದ್ದವರು ತೀರಿಕೊಂಡರೆ ಒಂದು ಪದ್ಧತಿ. ಕ್ಲಬ್ ಕಟ್ಟಡದ ಮುಂದಿನ ಹದಿನೆಂಟನೆಯ ಗ್ರೀನ್ ಮೇಲೆ, ಬಾವುಟ ನೆಟ್ಟ ಕುಳಿಯ ಸುತ್ತ ರತ್ನಗಂಬಳಿಯಂತೆ ಬೆಳೆಸಿದ ಹುಲ್ಲಿನ ಮೇಲೆ, ಆರು ಜನ ಶವಪೆಟ್ಟಿಗೆ ಹೊತ್ತು ನಡೆಯುತ್ತಾರೆ. ಕುಳಿಯ ಪಕ್ಕ ಇಳಿಸಿ, ಬಾವುಟ ಕಿತ್ತು ಹಿಡಿದು, ಎರಡು ನಿಮಿಷ ಸುಮ್ಮನೆ ನಿಲ್ಲುತ್ತಾರೆ.

“ಕೆಲಸದವರಿಗೆ ಯಾರಿಗೂ ಇದುವರೆಗೆ ಮಾಡಿಲ್ಲ,” ಎಂದಿದ್ದ ಫಿಂಟನ್. “ಮಾಡಬೇಕಾಗಿತ್ತು.”

ಹದಿನೆಂಟು ವರ್ಷ ಹಿಂಬಾಗಿಲಲ್ಲಿ ಬೂಟು ಕಳಚಿ ಚಹಾ ಕುಡಿದವನು ಚಾಮರಾಜ. ಅರ್ಧ ಸದಸ್ಯರಿಗೆ ಅವನ ಪೂರ್ತಿ ಹೆಸರು ಗೊತ್ತಿರಲಿಲ್ಲ, ಚಾಮ್ ಎನ್ನುತ್ತಿದ್ದರು. ಅವರೆಲ್ಲ ಒಂದು ಸಲವಾದರೂ ಅವನಿಗಾಗಿ ಟೋಪಿ ತೆಗೆಯಬೇಕು. ಅದು ಅವಳಿಗೆ ಬೇಕಾಗಿತ್ತು. ಬಾಯಾರಿದವರಿಗೆ ನೀರು ಬೇಕಾದ ಹಾಗೆ ಬೇಕಾಗಿತ್ತು. ಆಗಲಿ ಎಂದಿದ್ದಳು.

*

ಮಗಳು ಇಂಚರಾಗೆ ಐದು ವರ್ಷವಾಗಿದ್ದಾಗಿನ ಮಾತು. ನರ್ಸಿಂಗ್ ಹೋಮಿನ ಡ್ಯೂಟಿಗೆ ಹೋಗುವ ಮುನ್ನ ಗಂಡನಿಗೆ ತಿಂಡಿ ಡಬ್ಬಿ ಕೊಡಲೆಂದು ನಾಗಮಣಿ ಕಾರು ನಿಲ್ಲಿಸಿದ್ದಳು. ದೂರದಲ್ಲಿ ಅಪ್ಪನನ್ನು ಕಂಡ ಮಗು ಕೈ ಬಿಡಿಸಿಕೊಂಡು ಓಡಿತು. ಹದಿನೆಂಟನೆಯ ಗ್ರೀನ್ ಬೆಳ್ಳಗೆ ಹೊಳೆಯುತ್ತಿತ್ತು. ಚಾಮರಾಜ ಎರಡೂ ತೋಳು ಅಗಲಿಸಿ, “ಬೇಡ ಮಗಾ, ಬೇಡ!” ಎಂದು ಕೂಗಿದ. ಅಪ್ಪ ಎತ್ತಿಕೊಳ್ಳಲು ಕರೆಯುತ್ತಿದ್ದಾನೆಂದು ಮಗು ಇನ್ನೂ ಜೋರಾಗಿ ಓಡಿತು.

ಹೆಪ್ಪುಗಟ್ಟಿದ ಹುಲ್ಲು ಕಾಲಡಿ ಮುರಿದು ಸತ್ತು, ಎರಡು ದಿನಕ್ಕೆ ಹದಿನೇಳು ಪುಟ್ಟ ಹೆಜ್ಜೆಗಳು ಸುಟ್ಟ ಹಾಗೆ ಕಪ್ಪಗೆ ಎದ್ದು ನಿಂತವು.

ಇದು ಯಾರ ಹೆಜ್ಜೆ ಎಂದು ಆಗಿನ ಕ್ಯಾಪ್ಟನ್ ಕೇಳಿದಾಗ ಚಾಮರಾಜ, “ನನ್ನದೇ ತಪ್ಪು,” ಎಂದು ಎಚ್ಚರಿಕೆಯ ಪತ್ರಕ್ಕೆ ಸಹಿ ಹಾಕಿ ಬಂದ. ಮನೆಯಲ್ಲಿ ನಾಗಮಣಿ ಸಿಡಿದಿದ್ದಳು.

“ಮಗೂನ್ನ ಎತ್ಕೊಳ್ಳೋಕೆ ಬರಲಿಲ್ಲ, ಹುಲ್ಲು ನೋಡ್ತಾ ನಿಂತ್ರಲ್ಲ! ನಿಮಗೆ ನಮಗಿಂತ ಹುಲ್ಲೇ ಹೆಚ್ಚು.”

“ಹಂಗಲ್ಲ ಕಣೇ. ಬಿಳಿ ಬಿದ್ದಾಗ ಹುಲ್ಲು ಮಲಗಿರ್ತದೆ. ಮಲಗಿರೋರ ಎದೆ ಮೇಲೆ ಯಾರಾದ್ರೂ ನಡೀತಾರಾ?”

ಆ ಚಳಿಗಾಲದಲ್ಲಿ ಕೆಟ್ಟ ಜಾಗವನ್ನೆಲ್ಲ ಕೆತ್ತಿ, ಮರಳು ತುಂಬಿ, ಬೀಜ ಬಿತ್ತಿ ಸರಿಮಾಡಿದ. ಆ ಹದಿನೇಳನ್ನು ಮಾತ್ರ ಮುಟ್ಟಲಿಲ್ಲ. ತಾವಾಗಿ ಹಸಿರಾಗಲಿ ಎಂದು ಬಿಟ್ಟ. ಏಪ್ರಿಲ್‌ನಲ್ಲಿ ಒಂದು ದಿನ ಮನೆಗೆ ಬಂದವನು, “ಕೊನೇ ಹೆಜ್ಜೆನೂ ಹೋಯ್ತು,” ಎಂದು ಹೇಳಿ ಊಟಕ್ಕೆ ಕೂರದೆ ಹಿತ್ತಲಿಗೆ ಹೋಗಿ ನಿಂತಿದ್ದ.

*

ಹತ್ತೂ ಇಪ್ಪತ್ತಕ್ಕೆ ಶವದ ಕಪ್ಪು ಕಾರು ಕ್ಲಬ್ಬಿನ ಜಲ್ಲಿ ದಾರಿಯಲ್ಲಿ ನಿಂತಿತು. ಅರವತ್ತು ಎಪ್ಪತ್ತು ಜನ ಟೋಪಿ ಕೈಯಲ್ಲಿ ಹಿಡಿದು ಎರಡು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರೂ ಬಂದು ಕೈ ಕುಲುಕಿ, “ಸಾರಿ ಫಾರ್ ಯುವರ್ ಟ್ರಬಲ್,” ಎಂದು ಅಲ್ಲಿನ ರೂಢಿಯಂತೆ ಸಂತಾಪ ಹೇಳಿ ಸರಿದರು. ಮೇನೂತ್‌ನಲ್ಲಿ ಕಾಲೇಜು ಓದುವ ಇಂಚರಾ ತಾಯಿಯ ತೋಳು ಹಿಡಿದಿದ್ದಳು.

“ಯೂ ಓಕೆ, ಅಮ್ಮಾ?”

“ನೀನು?”

“ಐಯಾಮ್ ಗ್ರ್ಯಾಂಡ್, ಏನೂ ಆಗಿಲ್ಲ,” ಎಂದು ಹುಡುಗಿ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಜಾಫರ್ ಗ್ರೀನ್‌ನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಹುಬ್ಬಳ್ಳಿಯವನು, ನಾಲ್ಕು ವರ್ಷದಿಂದ ಚಾಮರಾಜನ ಜೊತೆಗಾರ. ನಾಗಮಣಿಯನ್ನು ಕಂಡು ಎದ್ದ.

“ಹೆಂಗಿದೆ ಜಾಫರ್?”

“ಅರ್ಧ ಬಿಟ್ಟೈತ್ರಿ ಅಕ್ಕಾರ. ಬಿಸಿಲು ಬಿದ್ದ ಕಡೆ ಹಸರ. ಬಿಲ್ಡಿಂಗ್ ನೆರಳಿಗೆ, ಕುಳಿ ಸುತ್ತ, ಹಂಗ ಐತಿ.”

“ಇನ್ನೆಷ್ಟು ಹೊತ್ತು?”

“ಒಂದ್ ತಾಸರ ಬೇಕ್ರಿ.” ದನಿ ತಗ್ಗಿಸಿದ. “ಈ ಸಲ ಏನ್ ಕಮ್ಮಿ ಕಾಡಿತೇನ್ರಿ ಚಳಿ? ಜನವರಿಯಾಗ ಹಿಮ, ಆಮ್ಯಾಲೆ ಬಿರುಗಾಳಿ, ಆಮ್ಯಾಲೆ ಬೂಷ್ಟು ರೋಗ. ಅಣ್ಣಾರು ಇದರ ಮ್ಯಾಲೆ ಮಂಡಿ ಊರಿಕೊಂಡ ಎರಡು ತಿಂಗಳು ಕಳದ್ರು. ಸೋಮವಾರ ಮುಂಜಾನೆ ವರ್ಷದ ಮೊದಲನೇ ಕಟಿಂಗ್ ಹಾಕಿದ್ರು. ನೋಡ್ರಿ, ಗೆರಿ ಇನ್ನೂ ಕಾಣ್ತಾವ.”

ಕಾಣುತ್ತಿದ್ದವು. ಯಂತ್ರ ತಳ್ಳುವಾಗ ಚಾಮರಾಜ ಬಾಲ್ಯದಲ್ಲಿ ಬಾಯಿಪಾಠ ಮಾಡಿದ ಪದ್ಯ ಗುನುಗುತ್ತಿದ್ದ. ಒಂದು ಪದ್ಯ ಮುಗಿಯುವಷ್ಟಕ್ಕೆ ಒಂದು ಗೆರೆ, ಹಾಗಾಗಿ ಅವನ ನಡಿಗೆ ಎಂದೂ ತಪ್ಪುತ್ತಿರಲಿಲ್ಲ. ಬಿಳಿಯ ಕೆಳಗೂ ಆ ಗೆರೆಗಳು ಸಾಲು ಸಾಲಾಗಿ, ಪ್ರಾಸ ಕೂಡಿದಂತೆ ಬಿದ್ದಿದ್ದವು.

“ನೀನೇ ಅವರಿಗೆ ಹೇಳಬಾರದಿತ್ತಾ?”

“ನಾ ಹೆಂಗ ಹೇಳ್ಲಿ ಅಕ್ಕಾರ? ಅಣ್ಣಾರಿಗೆ ಮಾಡೋ ಮರ್ಯಾದಿಗೆ ನಾ ಅಡ್ಡ ನಿಂದ್ರಲಾ?”

ಕಪ್ಪು ಕಾರಿನವನು ಗಡಿಯಾರ ನೋಡಿಕೊಂಡ. ನಾಗಮಣಿ ಮೂರು ಹೆಜ್ಜೆ ಆಚೆ ಹೋದಳು, ಮೂರು ಹೆಜ್ಜೆ ಈಚೆ ಬಂದಳು. ಸೂರ್ಯ ಮಾಡಿನ ಅಂಚಿಗೆ ಸಿಕ್ಕಿಕೊಂಡ ಹಾಗಿತ್ತು. ಸ್ವಾಮೀ, ಇವತ್ತೊಂದು ದಿನ ಬೇಗ ಮೇಲೆ ಬಾ, ಎಂದುಕೊಂಡಳು. ಹತ್ತೂವರೆ ಆಯಿತು. ಹತ್ತೂ ನಲವತ್ತಾಯಿತು. ನೆರಳಿನ ಗೆರೆ ಒಂದು ಗೇಣು ಹಿಂದೆ ಸರಿದಿತ್ತು, ಅಷ್ಟೇ.

ಆರು ಜನ ಪೆಟ್ಟಿಗೆಯನ್ನು ಭುಜಕ್ಕೇರಿಸಿದರು. ಫಿಂಟನ್ ಅವಳ ಬಳಿ ಬಂದ.

“ಬಿಳಿ ಇದೆ, ನನಗೂ ಕಾಣುತ್ತಿದೆ,” ಎಂದ ಅವನು ತನ್ನ ಭಾಷೆಯಲ್ಲಿ, ಮೆಲ್ಲಗೆ. “ಗುರುತು ಬಿದ್ದರೆ ಬೀಳಲಿ. ಶನಿವಾರ ಬಂದವರೆಲ್ಲ ನೋಡಲಿ. ಯಾಕೆ ಕಪ್ಪಾಗಿದೆ ಎಂದು ಕೇಳಲಿ. ಚಾಮರಾಜನನ್ನು ಹೊತ್ತು ನಡೆದ ಹೆಜ್ಜೆ ಇದು ಎಂದು ನಾನೇ ಹೇಳುತ್ತೇನೆ. ಅಪ್ಪಣೆ ಕೊಡಿ.”

ಪೂರ್ತಿ ಹೆಸರು ಹೇಳಿದ್ದ. ತಡವರಿಸದೆ ಹೇಳಿದ್ದ.

ನಾಗಮಣಿ ತಿರುಗಿ ನೋಡಿದಳು. ಮುಂದಿನ ಸಾಲಿನವನ ಹೊಳೆಯುವ ಕಪ್ಪು ಬೂಟು ಗ್ರೀನ್‌ನ ಅಂಚಿನ ಮೇಲೆ ಎದ್ದು, ಇಳಿಯಲು ತಡೆದು ನಿಂತಿತ್ತು. ಅದರ ಮುಂದೆ ಕುಳಿಯವರೆಗೂ, ಒಂದು ಹಕ್ಕಿಯ ಉಗುರೂ ತಾಗದೆ, ಚಾಮರಾಜನ ಗೆರೆಗಳು ಮಲಗಿದ್ದವು.

ಇಂಚರಾಳ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ನಾಗಮಣಿ ಪೆಟ್ಟಿಗೆಯ ಮುಂದೆ ಹೋಗಿ ಎರಡೂ ತೋಳು ಅಗಲಿಸಿ ನಿಂತಳು.

“ಇಲ್ಲ,” ಎಂದಳು. “ಯಾರೂ ಕಾಲಿಡಕೂಡದು.”