ಏಳನೇ ಟೇಪು

ನೀರು ಕಂಡರೆ ಹೆದರುವ ಹೆಂಗಸು ಇಪ್ಪತ್ತಾರು ವರ್ಷ ದೋಣಿಗಳನ್ನು ನಂಬಿಯೇ ಹೊಟ್ಟೆ ಹೊರೆದಳು ಎಂದರೆ ಯಾರಿಗಾದರೂ ನಗು ಬಂದೀತು. ಅಕ್ಕ ಅಂಥವಳು. ದೋಣಿ ನಿಲ್ಲುವ ಜೆಟ್ಟಿಯಿಂದ ಕೂಗಳತೆ ದೂರದ ಶೆಡ್ಡಿನಲ್ಲಿ ಮೋಟಾರು ದೋಣಿಗಳ ಎಂಜಿನ್ನಿಗೆ ಕವರು ಮಾಡಿಕೊಡುವುದು ಅವಳ ಕಸುಬು. ದೋಣಿಯ ಹಿಂದೆ ನೇತುಬಿದ್ದ ಎಂಜಿನ್ನಿನ ತಲೆಯ ಮೇಲೆ ಹೆಲ್ಮೆಟ್ಟಿನ ಹಾಗೆ ಕೂರುವ ಮುಚ್ಚಳ ಅದು. ಬಿಸಿಲಿಗೆ ಸೀಳುತ್ತದೆ, ಜೆಟ್ಟಿಯ ಕಂಬಕ್ಕೆ ಬಡಿದು ಒಡೆಯುತ್ತದೆ, ಕೊಂಡಿ ಕಳಚಿ ನೀರುಪಾಲಾಗುತ್ತದೆ. ಹಳೆಯ ಎಂಜಿನ್ನುಗಳಿಗೆ ಕವರು ಮಾಡುವುದನ್ನು ಕಂಪನಿಗಳು ಎಂದೋ ನಿಲ್ಲಿಸಿದ್ದರಿಂದ ಎಲ್ಲರೂ ಒಡೆದದ್ದನ್ನು ಹೊತ್ತುಕೊಂಡು ಅಕ್ಕನ ಬಳಿಯೇ ಬರಬೇಕು. ಅವಳು ಚೂರುಗಳನ್ನು ಕೂಡಿಸಿ, ಅಚ್ಚು ತೆಗೆದು, ಫೈಬರ್ ಬಟ್ಟೆ ಹಾಸಿ ರೆಸಿನ್ ಅಂಟು ಬಳಿದು, ಹೊಸದನ್ನು ಎಬ್ಬಿಸಿ ಕೊಡುತ್ತಾಳೆ. ಆದರೆ ಅದನ್ನು ದೋಣಿಗೆ ಕೂರಿಸಲು ಮಾತ್ರ ಅವಳು ಒಮ್ಮೆಯೂ ಹೋದವಳಲ್ಲ. ಜೆಟ್ಟಿಯ ಹಲಗೆಯ ಮೇಲೆ ಕಾಲಿಡಲೂ ಅವಳಿಗೆ ಯಾರದಾದರೂ ತೋಳು ಬೇಕು.

ಕೂರಿಸುವುದು, ಬಣ್ಣ ಹೊಡೆಯುವುದು, ಗಿರಾಕಿ ಬಯಸಿದ ಶೋಕಿ ಮಾಡಿಕೊಡುವುದು ತಂಗಿಯ ಪಾಲು. ಈ ಕತೆ ತಂಗಿಯದು. ಹತ್ತು ವರ್ಷ ಕಾರುಗಳಿಗೆ ಬಣ್ಣ ಹೊಡೆದು, ಅಲ್ಲಿಯ ಯಜಮಾನನ ಜೊತೆ ಜಗಳವಾಡಿ, ಅಕ್ಕನ ಶೆಡ್ಡಿಗೆ ಬಂದು ಸೇರಿಕೊಂಡವಳು ಅವಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಶೆಡ್ಡಿನಲ್ಲಿ ಅಕ್ಕನದೊಂದು ಕಾನೂನಿತ್ತು. ಬಣ್ಣ ಹೊಡೆಯುವ ಮುನ್ನ, ಬಣ್ಣ ತಾಗಬಾರದ ಜಾಗಗಳಿಗೆಲ್ಲ ಟೇಪು ಅಂಟಿಸಬೇಕು. ಕೊಂಡಿಯ ತೂತು, ರಬ್ಬರು ಕೂರುವ ಅಂಚು, ಎಲ್ಲಕ್ಕಿಂತ ಮುಖ್ಯವಾಗಿ ಎಂಜಿನ್ನಿಗೆ ಗಾಳಿ ಹೋಗುವ ದಾರಿ. ಒಂದೊಂದು ತುಂಡಿನ ಮೇಲೂ ನಂಬರು ಬರೆಯಬೇಕು. ಬಣ್ಣ ಒಣಗಿದ ಮೇಲೆ ಬಿಚ್ಚಿದ ಟೇಪನ್ನು ಕಸಕ್ಕೆ ಎಸೆಯದೆ ಕಿಟಕಿಯ ಗಾಜಿಗೆ ಅಂಟಿಸಬೇಕು. ಅಂಟಿಸಿದ್ದಷ್ಟೂ ಗಾಜಿನ ಮೇಲೆ ಬಂದರೆ ಮಾತ್ರ ಕವರು ಬಾಗಿಲು ದಾಟಬಹುದು. ಕವರು ಹೋದ ಮೇಲೆ ಗಾಜನ್ನು ಖಾಲಿ ಮಾಡಬೇಕು. ತಂಗಿ ಮೊದಮೊದಲು ಇದಕ್ಕೆ ಮೂಗು ಮುರಿದಿದ್ದಳು. "ಇದೇನು ಶೆಡ್ಡೋ ಒಂದನೇ ಕ್ಲಾಸೋ?" ಎಂದು ಕೇಳಿದ್ದಳು. ಅಕ್ಕ ಬಿಳಿ ಶಾಯಿಯ ಮಾರ್ಕರ್ ಪೆನ್ನು ಕೈಗಿಟ್ಟಿದ್ದಳು.

ಆ ವಾರ ಕವರಿಗಾಗಿ ಕಾದಿದ್ದವನು ಮಾವ. ಇಬ್ಬರಿಗೂ ಸೋದರಮಾವ, ಅಮ್ಮನ ಕಿರಿಯ ತಮ್ಮ, ಎಪ್ಪತ್ತರ ಹತ್ತಿರದ ಮನುಷ್ಯ. ಕೊಲ್ಲಿಯ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವುದು ಅವನ ಕೆಲಸ. ಅವನ ಹಳೆಯ ಕವರಿನ ಕೊಂಡಿ ಮುರಿದಿದ್ದರಿಂದ ಅದನ್ನು ಹಗ್ಗ ಬಿಗಿದು ನಿಲ್ಲಿಸಿದ್ದ. ಗಂಟು ಬಿಚ್ಚಿ ಒಳಗೆ ನೋಡಲು ಅವನ ಬೆರಳುಗಳು ಕೇಳುತ್ತಿರಲಿಲ್ಲ. ಗೆಣ್ಣುಗಳು ಊದಿಕೊಂಡು ಬೆರಳು ಮಡಚಲೇ ಆಗದ ಸ್ಥಿತಿ. ಅದನ್ನು ಕಂಡು ತಂಗಿ, ಒಂದೇ ಬೆರಳಲ್ಲಿ ಒತ್ತಿದರೆ ಟಕ್ಕೆಂದು ಬಿಚ್ಚಿಕೊಳ್ಳುವ ಕೊಂಡಿಯನ್ನು ಅವನಿಗೆಂದೇ ಮಾಡಿಸಿದಳು. ಎತ್ತಲು ದಪ್ಪ ಹಿಡಿಯನ್ನೂ ಕೂರಿಸಿದಳು. ಕಡು ಹಸಿರು ಬಣ್ಣ ಬಳಿದು, ಅಂಚಿಗೆ ಹಳದಿಯ ಎಳೆಯೊಂದನ್ನು ಎಳೆದಳು.

"ಎಂಜಿನ್ನಿಗೆ ಯಾಕಮ್ಮ ಇಷ್ಟೆಲ್ಲ ಶೋಕಿ?" ಎಂದು ಮಾವ ಮುಖ ಸಿಂಡರಿಸಿದ. "ಒಳ್ಳೆ ಬಸ್ಸಿನ ಥರ ಇದೆ. ಕರೀದು ಅಂದ್ರೆ ಕರೀದು ಕೊಡಬೇಕಪ್ಪ."

"ಕರೀದಾದ್ರೆ ಎಣ್ಣೆ ಸೋರಿದ್ದು ಕಾಣಲ್ಲ ಅಂತ ತಾನೇ?" ಎಂದಳು ತಂಗಿ.

ಕವರು ಕೂರಿಸಬೇಕಿದ್ದ ದಿನ ಬೆಳಗಿನ ಆರು ಗಂಟೆಗೆ ಆ ದಡದ ಆಸ್ಪತ್ರೆಯಲ್ಲಿ ಅಕ್ಕನ ಮಗಳಿಗೆ ಹೆಣ್ಣು ಮಗು ಹುಟ್ಟಿತು. ಸುದ್ದಿ ಕೇಳಿದಾಗಿನಿಂದ ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೊಲ್ಲಿ ಸುತ್ತಿಕೊಂಡು ಹೋಗುವ ಬಸ್ಸಿಗೆ ಐದು ತಾಸು ಬೇಕು. ದೋಣಿಗೆ ಐವತ್ತು ನಿಮಿಷ. ತಂಗಿ ಕವರನ್ನು ಮಾವನ ಎಂಜಿನ್ನಿಗೆ ಕೂರಿಸಿ ಬಂದಾಗ ಅಕ್ಕ ಒಗೆದ ಸೀರೆ ಉಟ್ಟು, ಚೀಲ ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ದೋಣೀಲಿ ಹೋಗ್ತೀನಿ," ಎಂದಳು.

"ನೀನಾ?"

"ಹೂಂ. ನೀನು ಮುಚ್ಚಿದ ಎಂಜಿನ್ ತಾನೇ, ನಂಗೇನು ಭಯ?"

ಶೆಡ್ಡಿಗೆ ಸೇರಿದಾಗಿನಿಂದ ಅಕ್ಕ ತಂಗಿಗೆ ಕೊಟ್ಟ ಅತಿ ದೊಡ್ಡ ಹೊಗಳಿಕೆ ಅದು. ತಂಗಿ ಉಬ್ಬಿಹೋದಳು. ಸಡಗರದಲ್ಲಿ ಅಕ್ಕ ಫೋನನ್ನು ಬೆಂಚಿನ ಮೇಲೆ ಚಾರ್ಜಿಗೆ ಹಾಕಿದ್ದು ಹಾಗೆಯೇ ಉಳಿಯಿತು. ಅದು ಇಬ್ಬರಿಗೂ ಗೊತ್ತಾಗಲಿಲ್ಲ.

ಅಕ್ಕ ಹೋಗಿ ಅರ್ಧ ತಾಸಾದ ಮೇಲೆ ತಂಗಿ ಗಾಜು ಖಾಲಿ ಮಾಡಲು ನಿಂತಳು. ಎಂಟು ತುಂಡುಗಳಿದ್ದವು. ಕವರಿಗೆ ಅಂಟಿಸಿದ್ದೂ ಎಂಟು. ಬೆಳಿಗ್ಗೆಯೂ ಎಣಿಸಿದ್ದಳು, ಎಂಟೇ. ಒಂದನ್ನು ಕಿತ್ತಳು, ಎರಡನ್ನು ಕಿತ್ತಳು, ಮೂರನ್ನು ಕಿತ್ತಳು. ಮೂಲೆಯಲ್ಲಿ ಕಿಟಕಿಯ ಚೌಕಟ್ಟಿಗೆ ತಾಗಿಕೊಂಡಿದ್ದ ತುಂಡನ್ನು ಕೀಳಲು ಹೋದಾಗ ಅದರ ಮೇಲೂ ಮೂರು ಎಂದೇ ಬರೆದಿತ್ತು. ಅದರ ತುದಿಗೆ ಅಂಟಿದ್ದದ್ದು ಹಸಿರು ಬಣ್ಣವಲ್ಲ, ಬಿಳಿ. ಕಳೆದ ವಾರದ ಬಿಳಿ ಕವರಿನದು.

ತಂಗಿ ಉಳಿದ ತುಂಡುಗಳ ನಂಬರು ಓದಿದಳು. ನಾಲ್ಕು, ಐದು, ಆರು, ಎಂಟು. ಮತ್ತೊಮ್ಮೆ ಓದಿದಳು. ಏಳು ಇರಲಿಲ್ಲ.

ಏಳನೆಯದನ್ನು ಎಲ್ಲಿ ಅಂಟಿಸಿದ್ದಳೆಂದು ನೆನಪಿಸಿಕೊಳ್ಳಬೇಕಾದ್ದೇನೂ ಇರಲಿಲ್ಲ. ಅದು ಕವರಿನ ಒಳಗೆ, ಗಾಳಿಯ ದಾರಿಯ ಮೇಲೆ, ಅಂಗೈ ಅಗಲದ ಕಪ್ಪು ಟೇಪು. ಹೊರಗಿನಿಂದ ನೋಡಿದರೆ ತೂತೂ ಕಪ್ಪು, ಟೇಪೂ ಕಪ್ಪು. ಎಂಜಿನ್ನು ನಿಧಾನಕ್ಕೆ ಓಡುವಾಗ ಅಂಚಿನ ಸಂದಿಯಿಂದ ಬರುವ ಗಾಳಿಯೇ ಸಾಕಾಗುತ್ತದೆ, ಏನೂ ಗೊತ್ತಾಗುವುದಿಲ್ಲ. ಕೊಲ್ಲಿಯ ನಡುವೆ ವೇಗ ಹೆಚ್ಚಿಸಿದ ಕೂಡಲೇ ಉಸಿರು ಕಟ್ಟಿ ನಿಂತುಬಿಡುತ್ತದೆ. ಆ ನಡುವೆಯೇ ಸರಕಿನ ಹಡಗುಗಳ ದಾರಿ. ಮೂರು ಅಂತಸ್ತಿನ ಮನೆಯಷ್ಟು ಎತ್ತರದ ಹಡಗು ಎದುರಿಗಿರುವ ಪುಟ್ಟ ದೋಣಿಯನ್ನು ಕಂಡು ನಿಲ್ಲಿಸೋಣವೆಂದರೂ ನಿಲ್ಲುವಂಥದ್ದಲ್ಲ. ದೋಣಿಯಲ್ಲಿ ಕೂತವಳಿಗೆ ಈಜು ಬಾರದು.

ಅಕ್ಕನಿಗೆ ಫೋನು ಮಾಡಿದಳು. ಬೆಂಚಿನ ಮೇಲೆ ಅದು ರಿಂಗಾಯಿತು. ಮಾವ ಫೋನು ಇಟ್ಟುಕೊಂಡವನೇ ಅಲ್ಲ. ತಂಗಿ ಬಣ್ಣದ ಅಂಗಿಯಲ್ಲೇ ಜೆಟ್ಟಿಗೆ ಓಡಿದಳು.

ಟಿಕೆಟ್ ಕೊಡುವವನು ಅವಳ ಮುಖ ನೋಡಿ ಎದ್ದು ನಿಂತ. "ನಿಮ್ಮ ಮಾವನಾ? ಹೋಗಿ ಇಪ್ಪತ್ತೈದು ನಿಮಿಷ ಆಯ್ತಲ್ಲ. ಇಲ್ಲಿ ಐದಾರು ಜನ ದೋಣಿಯವರು ಸೇರಿಕೊಂಡು ಏನೋ ನಗಾಡ್ತಿದ್ರು. ಆಮೇಲೆ ನಿಮ್ಮಕ್ಕನ್ನ ಇಬ್ಬರು ಕೈ ಹಿಡಿದು ಹತ್ತಿಸಿದ್ರು."

"ವೈರ್‌ಲೆಸ್ಸಲ್ಲಿ ಕರೀರಿ, ಬೇಗ."

ಅವನು ಕರೆದ. ಮತ್ತೆ ಕರೆದ. ಗೊರಗೊರ ಸದ್ದು ಬಿಟ್ಟರೆ ಏನೂ ಬರಲಿಲ್ಲ. "ನಿಮ್ಮ ಮಾವ ಇದನ್ನ ಹಾಕೋದೇ ಇಲ್ಲ," ಎಂದು ಅವನೇ ತಪ್ಪು ಮಾಡಿದವನಂತೆ ಹೇಳಿದ. "ವಟವಟ ಅನ್ನುತ್ತೆ ಅಂತ ಆಫ್ ಮಾಡಿಡ್ತಾರೆ."

ಉಳಿದ ದೋಣಿಗಳೆಲ್ಲ ಬೆಳಗಿನ ಸರದಿಗೆ ಹೊರಟುಹೋಗಿದ್ದವು. ತಂಗಿ ಹಲಗೆಯ ತುದಿಯಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡಿದಳು. ದೂರದಲ್ಲಿ ಕೆಂಪು ಹೊಟ್ಟೆಯ ಹಡಗೊಂದು ಆತುರವೇ ಇಲ್ಲದೆ ಸಾಗುತ್ತಿತ್ತು. ಅದರ ಆಚೆ ಏನಿದೆಯೋ ಕಾಣುತ್ತಿರಲಿಲ್ಲ. ಹಳೇ ಟೇಪು ಯಾಕೆ ಉಳಿದಿತ್ತೆಂದು ಯೋಚಿಸುವಷ್ಟು ಬುದ್ಧಿ ಆ ಹೊತ್ತಿನಲ್ಲಿ ಅವಳಿಗೆ ಇರಲಿಲ್ಲ. ನಂಬರು ಬರೆಯುವುದೇ ಓದಲಿಕ್ಕೆ, ತಾನು ಬರೀ ಎಣಿಸಿ ಕೈ ತೊಳೆದುಕೊಂಡೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಆಸ್ಪತ್ರೆಯಲ್ಲಿದ್ದ ಅಕ್ಕನ ಅಳಿಯನಿಗೆ ಫೋನು ಮಾಡಿದಳು. "ಅತ್ತೆ ಇನ್ನೂ ಬಂದಿಲ್ಲ ಚಿಕ್ಕತ್ತೆ," ಎಂದ ಅವನು, ನಿದ್ದೆಯಿಲ್ಲದ ಸಂತೋಷದ ದನಿಯಲ್ಲಿ. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದಳು. ಆಗಲೂ ಬಂದಿರಲಿಲ್ಲ. ಮೂರನೇ ಸಲ ಮಾಡುವಾಗ ದೋಣಿ ಹೊರಟು ಒಂದು ತಾಸಿನ ಮೇಲಾಗಿತ್ತು. ಅವನ ದನಿಯಲ್ಲೂ ಸಂತೋಷ ಕಡಿಮೆಯಾಗಿತ್ತು. "ಯಾಕೆ, ಏನಾಯ್ತು?" ಎಂದು ಕೇಳಿದ. ಆಮೇಲೆ ಮಾಡ್ತೀನಿ ಎಂದು ತಂಗಿ ಇಟ್ಟುಬಿಟ್ಟಳು. ಟಿಕೆಟ್ ಕೊಡುವವನು ಒಂದು ಲೋಟ ನೀರು ತಂದುಕೊಟ್ಟ. ಅದನ್ನು ಹಿಡಿದುಕೊಂಡೇ ಇದ್ದಳು, ಕುಡಿಯಲಿಲ್ಲ.

ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಅಳಿಯನ ನಂಬರು.

"ಏ, ಮಗು ನಿನ್ನ ಥರಾನೇ ಇದೆ," ಅಕ್ಕನ ದನಿ. "ಅದೇ ಮೊಂಡು ಮೂಗು. ಹುಟ್ಟಿ ನಾಲ್ಕು ಗಂಟೆ ಆಗಿಲ್ಲ, ಆಗಲೇ ಎಲ್ಲರ ಮೇಲೂ ರೇಗ್ತಿದೆ."

ತಂಗಿ ನಿಂತಲ್ಲೇ ಹಲಗೆಯ ಮೇಲೆ ಕೂತುಬಿಟ್ಟಳು. ಲೋಟದ ನೀರು ಮಡಿಲ ಮೇಲೆ ಚೆಲ್ಲಿತು. ಹೋದ ಜೀವ ಬಂದಂತಾಗಿ, ಅಳುವೋ ನಗುವೋ ತನಗೇ ತಿಳಿಯದ ಸದ್ದೊಂದು ಗಂಟಲಿಂದ ಹೊರಬಿತ್ತು. ಆದರೆ ಮರುಕ್ಷಣವೇ, ಇದೇ ದೋಣಿ ಇದೇ ದಾರಿಯಲ್ಲಿ ವಾಪಸು ಬರಬೇಕಲ್ಲ ಎಂದು ಹೊಳೆಯಿತು.

"ಮಾವಂಗೆ ಕೊಡು," ಎಂದಳು.

ಮಾವ ಫೋನು ಹಿಡಿದುಕೊಂಡು ಎಲ್ಲಿಗೋ ನಡೆದ ಸದ್ದು ಕೇಳಿಸಿತು. ಬಾಗಿಲೊಂದು ಮುಚ್ಚಿಕೊಂಡಿತು. "ನಿನ್ನ ಏಳು ನನ್ನ ಜೇಬಲ್ಲಿದೆ," ಎಂದ ಪಿಸುದನಿಯಲ್ಲಿ.

"ನೀನು ತೆರೆದು ನೋಡಿದ್ಯಾ?"

"ನೋಡೋಕಲ್ಲ." ಮಾವ ಕೆಮ್ಮಿದ. "ಜೆಟ್ಟೀಲಿ ನಮ್ಮವರಿಗೆ ಕೊಂಡಿ ತೋರಿಸ್ತಿದ್ದೆ. ಒಂದೇ ಬೆರಳು, ಟಕ್, ಅಷ್ಟೇ. ಇನ್ನೊಂದ್ಸಲ ತೋರಿಸು ಅಂದ್ರು. ತೋರಿಸ್ದೆ. ನಾಲ್ಕನೇ ಸಲವೋ ಐದನೇ ಸಲವೋ, ಒಳಗೇನು ನಂಬರ್ ಬರೆದಿದೆ ಅಂತ ಒಬ್ಬ ಕೇಳ್ದ. ಕಿತ್ತು ಜೇಬಿಗೆ ಹಾಕ್ದೆ."

"ಮತ್ತೆ ಇಷ್ಟು ತಡ?"

"ನಿಮ್ಮಕ್ಕ ಜೋರಾಗಿ ಓಡಿಸೋಕೆ ಬಿಟ್ರೆ ತಾನೇ? ದಾರಿಯುದ್ದಕ್ಕೂ ನಿಧಾನ ನಿಧಾನ ಅಂತ ನನ್ನ ಪ್ರಾಣ ತಿಂದ್ಲು. ಟೇಪಿನ ವಿಷಯ ಅವಳಿಗೆ ಹೇಳಿಲ್ಲ. ನೀನೂ ಬಾಯಿ ಬಿಡಬೇಡ. ಗೊತ್ತಾದ್ರೆ ವಾಪಸ್ ಬಸ್ಸಲ್ಲಿ ಬರ್ತಾಳೆ."

ಎಂಜಿನ್ನಿಗೆ ಶೋಕಿ ಯಾಕೆ ಎಂದು ಕೇಳಿದ್ದ ಮನುಷ್ಯ ಇವನೇ. ತಂಗಿ ಕಣ್ಣೊರೆಸಿಕೊಂಡು ಶೆಡ್ಡಿಗೆ ಬಂದು, ಗಾಜಿನ ಮೇಲೆ ಉಳಿದಿದ್ದ ತುಂಡುಗಳನ್ನೆಲ್ಲ ಕಿತ್ತುಹಾಕಿ, ಒಂದು ಕವರಿನ ಅಂಚು ಉಜ್ಜತೊಡಗಿದಳು. ಮೈ ಹಗುರಾಗಿತ್ತು, ಮನಸ್ಸು ಮಾತ್ರ ಕೊಸರಾಡುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸರಿ. ಮಾವನೇ ಹೇಳಬೇಡ ಎಂದಿದ್ದಾನೆ. ಆದರೆ ನೀನು ಮುಚ್ಚಿದ ಎಂಜಿನ್ ತಾನೇ ಎಂದವಳ ಮುಖವನ್ನು ದಿನಾ ನೋಡಬೇಕಲ್ಲ.

ಸಂಜೆಯ ಬಿಸಿಲು ಶೆಡ್ಡಿನೊಳಗೆ ಚಾಚಿದ ಹೊತ್ತಿಗೆ ಅಕ್ಕ ಬಂದಳು. ಕೂದಲು ಕೆದರಿ, ಸೀರೆಯ ಅಂಚು ಒದ್ದೆಯಾಗಿ, ಯುದ್ಧ ಗೆದ್ದು ಬಂದವಳ ಹಾಗೆ ಕಾಣುತ್ತಿದ್ದಳು. ಅವಳು ಚೀಲ ಇಳಿಸುವ ಮೊದಲೇ ತಂಗಿ ಹೇಳಿಬಿಟ್ಟಳು. ಎಣಿಸಿದ್ದು, ಓದದೇ ಇದ್ದದ್ದು, ಬಿಳಿ ಬಣ್ಣದ ಹಳೇ ಮೂರು ಲೆಕ್ಕಕ್ಕೆ ಸೇರಿಕೊಂಡದ್ದು, ಏಳು ಒಳಗೇ ಉಳಿದದ್ದು, ಎಲ್ಲವನ್ನೂ ಒಂದೇ ಉಸಿರಿಗೆ.

ಅಕ್ಕ ಸ್ಟೂಲಿನ ಮೇಲೆ ಕೂತು ಕೇಳಿದಳು. ಆಮೇಲೆ ಸೊಂಟದ ಸೆರಗಿನ ಗಂಟು ಬಿಚ್ಚಿ, ಮುದುಡಿದ ಕಪ್ಪು ಟೇಪನ್ನು ಹೊರತೆಗೆದಳು.

"ಬರ್ತಾ ಮಾವನ ಜೇಬಿಂದ ಕಸ್ಕೊಂಡೆ," ಎಂದಳು. "ಅವನು ಬಚ್ಚಿಟ್ಟಿದ್ದನ್ನ ಹೋಗುವಾಗಲೇ ನೋಡಿದ್ದೆ. ನಾನೇನು ಕುರುಡೀನಾ?"

"ನೋಡಿಯೂ ಹತ್ತಿದ್ಯಾ?"

"ಅಷ್ಟು ಜನ ಬಗ್ಗಿ ಬಗ್ಗಿ ನೋಡಿದ ಎಂಜಿನ್ ಈ ಕೊಲ್ಲೀಲಿ ಇನ್ನೊಂದಿಲ್ಲ ಅನ್ನಿಸ್ತು. ಅದಕ್ಕೇ ಹತ್ತಿದೆ."

ಟೇಪನ್ನು ಮಂಡಿಯ ಮೇಲಿಟ್ಟು ಅಕ್ಕ ಸುಕ್ಕು ಬಿಡಿಸತೊಡಗಿದಳು. ತಲೆ ಎತ್ತದೆ ಹೇಳಿದಳು: "ಆ ಬಿಳಿ ಬಣ್ಣದ್ದು ನಂದು. ಹೋದ ವಾರ ಗಾಜು ಖಾಲಿ ಮಾಡ್ತಿದ್ದೆ. ಮಗಳಿಗೆ ನೋವು ಶುರುವಾಗಿದೆ ಅಂತ ಫೋನ್ ಬಂತು. ಸುಳ್ಳು ನೋವು. ಆದ್ರೆ ನಾನು ಅಷ್ಟಕ್ಕೇ ಬಿಟ್ಟು ಓಡಿದೆ. ಆಮೇಲೆ ಆ ಕಡೆ ತಿರುಗಿ ನೋಡ್ಲಿಲ್ಲ. ಬೆಳಗ್ಗೆಯಿಂದ ದೋಣೀಲಿ ಕೂತು ನಂಗೆ ಅದೇ ಯೋಚನೆ. ಎಂಟು ಎಣಿಸದೆ ನೀನು ಬಿಡೋಳಲ್ಲ, ಹಾಗಿದ್ರೆ ಎಂಟನೇದು ಎಲ್ಲಿಂದ ಬಂತು ಅಂತ. ಮಗೂನ ಎತ್ತಿಕೊಂಡಾಗಲೂ ಅದೇ."

ಇಷ್ಟು ಹೊತ್ತೂ ತನ್ನೊಬ್ಬಳದೇ ಎಂದು ಹೊತ್ತಿದ್ದ ಭಾರ ಇಬ್ಬರ ನಡುವೆ ಇಳಿಯಿತು. ತಂಗಿಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಅಕ್ಕನನ್ನು ಬೈಯಬೇಕೆನಿಸಿತು, ತಬ್ಬಿಕೊಳ್ಳಬೇಕೆನಿಸಿತು. ಎರಡನ್ನೂ ಮಾಡದೆ ಅವಳ ಪಕ್ಕ ನೆಲದ ಮೇಲೆ ಕೂತು ಅವಳ ಒದ್ದೆ ಸೀರೆಯ ಅಂಚನ್ನು ಹಿಂಡಿದಳು.

ಅಕ್ಕ ಎದ್ದು ಖಾಲಿ ಗಾಜಿನ ನಟ್ಟನಡುವೆ ಏಳನ್ನು ಅಂಟಿಸಿದಳು. ಅಂಟು ಸತ್ತಿದ್ದ ಟೇಪು ಒಂದು ಮೂಲೆಯಲ್ಲಿ ಸುರುಳಿಯಾಗಿ ಎದ್ದಿತು. ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

"ಇದು ಇಲ್ಲೇ ಇರ್ಲಿ," ಎಂದಳು. "ನಾಳೆಯಿಂದ ಎಣಿಸೋದು ಬೇಡ. ಒಂದೊಂದನ್ನೂ ಓದು. ನಾನು ಹಿಂದೆ ನಿಂತು ಕೇಳಿಸ್ಕೋತೀನಿ."

"ಒಂದನೇ ಕ್ಲಾಸೇ ಆಯ್ತು ಬಿಡು," ಎಂದಳು ತಂಗಿ.

ಜೆಟ್ಟಿಯ ಕಡೆಯಿಂದ ನಾಲ್ಕೈದು ಜನ ನಗುವ ಸದ್ದು ಬಂತು. ಆಮೇಲೆ ಟಕ್ಕೆಂದಿತು. ಸ್ವಲ್ಪ ಬಿಟ್ಟು ಮತ್ತೆ ಟಕ್ಕೆಂದಿತು. ಸಂಜೆಯ ಸರದಿ ಮುಗಿಸಿ ಬಂದವರಿಗೆ ಮಾವ ಕೊಂಡಿ ತೋರಿಸುತ್ತಿದ್ದ.