ಮುಂದಿನ ಸಾಲಿನ ಮುಖ

ಒಳ್ಳೆ ಭಾಷಣಕಾರನಾಗೋಕೆ ಏನು ಬೇಕು ಅಂತ ಯಾರು ಕೇಳಿದರೂ ನನ್ನ ತಮ್ಮ ಹೇಳುತ್ತಿದ್ದದ್ದು ಇಷ್ಟೇ: "ಮುಂದಿನ ಸಾಲಲ್ಲಿ ಒಂದು ಮುಖ ಹಿಡ್ಕೋಬೇಕು. ಆ ಕಣ್ಣು ಒದ್ದೆಯಾಗೋವರೆಗೂ ಬಿಡಬಾರದು." ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನೋ ಹಾಗೆ, ಅವನು ಊರೂರು ತಿರುಗಿ ಮಾತಾಡಿಯೇ ಮನೆ ಕಟ್ಟಿದವನು.

ಆ ಸಲ ಅವನನ್ನು ಮುಖ್ಯ ಭಾಷಣಕ್ಕೆ ಕರೆದದ್ದು ನಮ್ಮ ಯಜಮಾನರು ದುಡಿಯುವ ಕಾರ್ಖಾನೆಯವರು. ವಿಷಯ, ಕೆಲಸದಲ್ಲಿ ಎಚ್ಚರ. ನನಗೆ ಹಳೆಯದು ನೆನಪಾಯಿತು. ಹಿಂದೆ ನಮಗೊಂದು ಬೇಕರಿ ಇತ್ತು. ಒಲೆ ಮುಂದೆ ಯಜಮಾನರು ತೂಕಡಿಸಿದರು, ಅಂಗಡಿ ಸುಟ್ಟುಹೋಯಿತು. ತಮ್ಮ ಆ ಕಥೆಯನ್ನು ಕಂಡ ಕಂಡ ವೇದಿಕೆಯಲ್ಲಿ ಹೇಳುತ್ತಿದ್ದ. ಗುರುತಿಲ್ಲದ ಊರು ತಾನೆ, ಹೇಳಿಕೊಳ್ಳಲಿ ಅಂತ ಸುಮ್ಮನಿದ್ದೆವು. ಆದರೆ ಈ ಕಾರ್ಖಾನೆಯಲ್ಲಿ ಯಜಮಾನರು ಬಾಯ್ಲರ್ ನೋಡಿಕೊಳ್ಳುವವರು. ಪಾಳಿ ಮುಗಿಯೋವರೆಗೂ ಕುರ್ಚಿ ಮುಟ್ಟುತ್ತಿರಲಿಲ್ಲ, ನಿಂತೇ ಇರುತ್ತಿದ್ದರು. ಹಳೆಯದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಬೇರೆ ಏನಾದ್ರೂ ಹೇಳೋ. ನಿನ್ನ ಹತ್ರ ಕಥೆಗೇನು ಬರ?" ಅಂದೆ, ಊಟಕ್ಕೆ ಬಂದ ತಮ್ಮನಿಗೆ.

"ಅಕ್ಕಾ, ನಾನೇನು ದಡ್ಡನಾ? ಆ ವಿಷಯ ಎತ್ತೋದೇ ಇಲ್ಲ. ಮೊದಲು ಬಡಿಸು."

ಅವನು ಹೋದ ಮೇಲೆ ಯಜಮಾನರು ಅಂದರು, "ನಿನ್ನ ತಮ್ಮನ ಮಾತು ನೀರಿನ ಮೇಲೆ ಬರೆದ ಹಾಗೆ ಕಣೆ."

ಅದಕ್ಕೇ ಭಾಷಣದ ದಿನ ನಾನೂ ಹೋಗಿ ಮುಂದಿನ ಸಾಲಲ್ಲೇ ಕೂತೆ. ನನ್ನನ್ನ ನೋಡಿದರಾದರೂ ಕೊಟ್ಟ ಮಾತು ನೆನಪಾಗಲಿ ಅಂತ.

ಊಟ ಮುಗಿದಿದ್ದ ಹೊತ್ತು. ಅರ್ಧ ಸಭೆ ಆಕಳಿಸುತ್ತಿತ್ತು, ಇನ್ನರ್ಧ ಮೊಬೈಲಿನಲ್ಲಿ ಮುಳುಗಿತ್ತು. ತಮ್ಮ ಎರಡು ಜೋಕು ಹೇಳಿದ, ಯಾರೂ ನಗಲಿಲ್ಲ. ಮಾತು ನಿಲ್ಲಿಸಿದ. ಅವನ ಕಣ್ಣು ಮುಂದಿನ ಸಾಲನ್ನು ತಡಕಾಡಿ ನನ್ನ ಮೇಲೆ ನಿಂತಿತು. ಬೇಡ ಅಂತ ತಲೆಯಾಡಿಸಿದೆ. ಹೆದರಿಕೆಗೆ ಕಣ್ಣು ತುಂಬಿ ಬಂತು. ಅಲ್ಲೇ ಕೆಟ್ಟೆ.

"ನನ್ನ ಸ್ವಂತ ಭಾವ..." ಅಂತ ಶುರು ಮಾಡಿದ.

ಎಷ್ಟು ಚೆನ್ನಾಗಿ ಹೇಳಿದ ಅಂದರೆ, ಅಂಗಡಿ ಉರಿದದ್ದನ್ನ ಕಣ್ಣಾರೆ ಕಂಡ ನನಗೇ ಮತ್ತೆ ಹೊಗೆ ಮೂಗಿಗೆ ಅಡರಿತು. ಆಕಳಿಸುತ್ತಿದ್ದವರು ನೆಟ್ಟಗೆ ಕೂತರು. ಕೊನೆಗೆ ಕೈ ಚಾಚಿ, "ಆ ಮನುಷ್ಯ ಇವತ್ತು ನಿಮ್ಮ ನಡುವೆಯೇ ಇದ್ದಾರೆ. ಏಳಿ ಭಾವ," ಅಂದ.

ಹಿಂದಿನ ಸಾಲಲ್ಲಿ ಯಜಮಾನರು ಎದ್ದು ನಿಂತರು. ಸಭೆಯೂ ಎದ್ದು ಚಪ್ಪಾಳೆ ತಟ್ಟಿತು. ಮ್ಯಾನೇಜರ್ ಕೂಡ ತಟ್ಟಿದರು. ತಟ್ಟುತ್ತಲೇ ಪಕ್ಕದವರ ಕಿವಿಯಲ್ಲಿ ಏನೋ ಕೇಳಿದರು.

ಹಾರ ಹಾಕಿಕೊಂಡೇ ಬಂದ ತಮ್ಮ. "ಸಭೆ ಕೈ ಜಾರ್ತಿತ್ತು ಅಕ್ಕಾ. ಭಾವನಿಗೆ ಎಂಥಾ ಮರ್ಯಾದೆ ಸಿಕ್ತು, ನೋಡಿದ್ಯಲ್ಲ?"

"ನನ್ನ ಮುಖ ನೋಡಿದೆಯಲ್ಲೋ."

"ನೋಡ್ದೆ. ನೀನು ಅಳೋದು ನೋಡೇ ಧೈರ್ಯ ಬಂತು."

ಮಾರನೇ ದಿನ ಯಜಮಾನರು ಬೇಗ ಮನೆಗೆ ಬಂದು ಚಪ್ಪಲಿ ಬಿಟ್ಟು ಗೋಡೆಗೊರಗಿದರು.

"ಗೋದಾಮಿಗೆ ಹಾಕಿದ್ದಾರೆ. ರಟ್ಟಿನ ಪೆಟ್ಟಿಗೆ ಕಾಯೋ ಕೆಲಸ. ಕೂತ್ಕೊಳ್ಳೋಕೆ ಕುರ್ಚಿನೂ ಇದೆ." ಬುತ್ತಿ ಡಬ್ಬಿ ನನ್ನ ಕೈಗೆ ಕೊಟ್ಟರು. "ಕಣ್ಣು ಮುಚ್ಚಿದ್ರೂ ಪರವಾಗಿಲ್ಲವಂತೆ. ಮ್ಯಾನೇಜರೇ ಹೇಳಿದ್ರು, ಬಹಳ ಪ್ರೀತಿಯಿಂದ."