ರಂಗದ ಮೇಲೊಂದು ಕಬ್ಬಿಣದ ಚಿಲಕ

ನಾನು ಒಂದು ಕಬ್ಬಿಣದ ಚಿಲಕ. ಗೇಣುದ್ದ ಇದ್ದೇನೆ, ಹೆಬ್ಬೆರಳಿನಷ್ಟು ದಪ್ಪ. ಗದಗಿನ ಹತ್ತಿರದ ಒಂದು ಕುಲುಮೆಯಲ್ಲಿ, ಮುರಿದ ಗಾಡಿಯ ಅಚ್ಚಿನ ತುಂಡನ್ನು ಕಾಯಿಸಿ ಬಡಿದು ನನ್ನನ್ನು ಮಾಡಿದರು. ಮೊದಲು ಒಂದು ಕಾಳಿನ ಗೋದಾಮಿನ ಬಾಗಿಲಿಗೆ ಕೂತೆ. ಇಲಿಗಳ ಓಡಾಟ, ಹಮಾಲರ ಬೈಗುಳ ಕೇಳುತ್ತ ನಲವತ್ತು ವರ್ಷ ಕಳೆದೆ. ಗೋದಾಮು ಕೆಡವಿದಾಗ ಬಾಗಿಲು ಉರುವಲಾಯಿತು. ನಾನು ಧಾರವಾಡದ ಒಂದು ಗುಜರಿ ಅಂಗಡಿಯ ಬುಟ್ಟಿಗೆ ಬಿದ್ದೆ.

ಅಲ್ಲಿಗೆ ಒಂದು ದಿನ ದಪ್ಪ ಕನ್ನಡಕದ ಹೆಂಗಸೊಬ್ಬಳು ಬಂದಳು. ಬುಟ್ಟಿಯ ಚಿಲಕಗಳನ್ನು ಒಂದೊಂದಾಗಿ ಎತ್ತಿ, ಕಣ್ಣು ಮುಚ್ಚಿ, ಹಿಂದೆ ಮುಂದೆ ಸರಿಸಿ ಕೇಳತೊಡಗಿದಳು.

"ಏನ್ ಹುಡುಕಾಕತ್ತೀರಿ ಅಕ್ಕಾರ?" ಎಂದ ಅಂಗಡಿಯವನು.

"ಸಪ್ಪಳ" ಎಂದಳು.

ನನ್ನ ಸರದಿ ಬಂತು. ಕಿರ್ರೆಂದು ಸರಿದು ಟಕ್ಕೆಂದು ಕೂತೆ. ಅವಳ ಮುಖ ಬಿಳಿಚಿಕೊಂಡಿತು. "ಇದಾ" ಎಂದು ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು.

ಅವಳ ಹೆಸರು ನೀಲಾಂಬಿಕಾ. ಎಲ್ಲರ ಬಾಯಲ್ಲಿ ನೀಲಕ್ಕ. ಮುದ್ರಣಾಲಯವೊಂದರಲ್ಲಿ ಬೇರೆಯವರ ಪುಸ್ತಕಗಳ ತಪ್ಪು ತಿದ್ದುವುದು ಅವಳ ಕೆಲಸ. ನಲವತ್ತೇಳನೇ ವಯಸ್ಸಿನಲ್ಲಿ ತನ್ನದೇ ಒಂದು ನಾಟಕ ಬರೆದಿದ್ದಳು. ಎಂಬತ್ತು ಕುರ್ಚಿಗಳ ಪುಟ್ಟ ರಂಗಮಂದಿರದಲ್ಲಿ ಅದರ ತಾಲೀಮು ನಡೆಯುತ್ತಿತ್ತು. ನಿರ್ದೇಶಕ ಜಾಫರ್ ಮಾಸ್ತರ್ ನಾಲ್ಕು ತಿರುಪು ಹಾಕಿ ನನ್ನನ್ನು ರಂಗದ ಬಾಗಿಲಿಗೆ ಕೂರಿಸಿದರು.

ತಾಲೀಮಿನಲ್ಲಿ ದಿನವೂ ಕೇಳಿ ಕೇಳಿ ಕಥೆ ನನಗೂ ಬಾಯಿಪಾಠವಾಯಿತು. ಮನೆಯ ಹಿರಿಮಗಳು ತಾನು ಮೆಚ್ಚಿದವನ ಜೊತೆ ಹೋಗಿ ಮದುವೆಯಾಗುತ್ತಾಳೆ. ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ ತವರಿನ ಬಾಗಿಲು ತಟ್ಟುತ್ತಾಳೆ. ತಾಯಿ ಒಳಗಿನಿಂದ ಚಿಲಕ ಹಾಕುತ್ತಾಳೆ. ಹೋದವಳು ಮತ್ತೆ ಬರುವುದಿಲ್ಲ. ಎಂಟು ವರ್ಷದ ನಂತರ ಸಾವಿನ ಸುದ್ದಿ ಬರುತ್ತದೆ. ಇದು ನೀಲಕ್ಕನ ಸ್ವಂತ ಮನೆಯಲ್ಲಿ ನಡೆದದ್ದೆಂದು ಮಾಸ್ತರರಿಗೂ ಗೊತ್ತಿರಲಿಲ್ಲ. ಅದು ತಿಳಿದದ್ದು ಮೊದಲ ಪ್ರಯೋಗದ ಸಂಜೆ.

ಆ ಸಂಜೆ ನೀಲಕ್ಕ ಕೈಯಲ್ಲಿ ನಾಟಕದ ಪ್ರತಿಯನ್ನು ಸುರುಳಿ ಸುತ್ತಿ ಹಿಡಿದು ಪರದೆಯ ಮರೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದಳು. ಎರಡನೇ ಬೆಲ್ ಆಯಿತು. ಪರದೆಯ ಸಂದಿಯಿಂದ ಹೊರಗೆ ನೋಡಿದವಳು ಅಲ್ಲೇ ನಿಂತುಬಿಟ್ಟಳು.

"ಮಾಸ್ತರ್, ನಮ್ಮವ್ವ ಬಂದಾಳ್ರಿ. ಮೂರನೇ ಸಾಲಿನ್ಯಾಗ."

"ಚಲೋ ಆತಲ್ಲ."

"ಇದು ಅವ್ವಂದು, ನಮ್ಮಕ್ಕಂದು ಕಥೀರಿ. ನಾ ಅವ್ವಗ ಹೇಳೇ ಇಲ್ಲ. ಪ್ರೆಸ್ಸಿನ್ಯಾಗ ಕೆಲಸ ಐತಿ ಅಂತ ಸುಳ್ಳು ಹೇಳಿ ಬಂದೀನಿ. ಬಾಜೂ ಮನಿಯಾಕಿ ಕರಪತ್ರ ಓದಿ ಕರಕೊಂಡ ಬಂದಾಳ ಕಾಣಸ್ತೈತಿ. ಇವತ್ತ ಬಂದ್ ಮಾಡ್ರಿ."

ಮಾಸ್ತರ್ ಬೆಲ್ಲಿನ ಗುಂಡಿಯ ಮೇಲೆ ಬೆರಳಿಟ್ಟರು. "ಜನ ಬಂದು ಕುಂತಾರ ನೀಲಕ್ಕ. ಇನ್ನ ಇದು ನಿಮ್ಮ ಕೈಯಾಗಿಲ್ಲ" ಎಂದು ಮೂರನೇ ಬೆಲ್ ಒತ್ತಿದರು.

ನಾಟಕ ಶುರುವಾಯಿತು. ಹಪ್ಪಳ ಒಣಗಿಸುವ ದೃಶ್ಯಕ್ಕೆ ಜನ ನಕ್ಕರು. ಮೂರನೇ ಸಾಲಿನ ಶಿವಗಂಗವ್ವ, ನೀಲಕ್ಕನ ಅವ್ವ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ನಗು ಕೇಳಿ ನೀಲಕ್ಕನ ಕೈಯ ಸುರುಳಿ ಇನ್ನಷ್ಟು ಬಿಗಿಯಾಯಿತು. ಮುಂದೇನು ಬರುತ್ತದೆಂದು ಬಲ್ಲವಳು ಅವಳು.

ಆ ಮಧ್ಯಾಹ್ನದ ದೃಶ್ಯ ಬಂತು. ಬಾಗಿಲು ತಟ್ಟಿದ ಸದ್ದು. "ಅವ್ವಾ, ನಾನು. ಬಾಗ್ಲಾ ತಗಿ." ತಾಯಿಯ ಪಾತ್ರದ ಸೋನುಬಾಯಿ ಎದ್ದು ಬಂದು ನನ್ನನ್ನು ಸರಿಸಿದಳು. ಕಿರ್ರ್, ಟಕ್. ಸೋನುಬಾಯಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

"ನೀರರೆ ಕೊಡವ್ವಾ" ಎಂದಿತು ಹೊರಗಿನ ದನಿ.

ಇಲ್ಲಿ ಸೋನುಬಾಯಿ ಮನಸ್ಸಿನಲ್ಲೇ ಇಪ್ಪತ್ತು ಎಣಿಸಬೇಕಿತ್ತು. ಹತ್ತನ್ನೂ ಎಣಿಸಿರಲಾರಳು. ಮೂರನೇ ಸಾಲಿನಲ್ಲಿ ಒಂದು ಕುರ್ಚಿ ಹಿಂದಕ್ಕೆ ಸರಿಯಿತು.

"ತಗಿ! ಬಾಗ್ಲಾ ತಗಿಯವ್ವಾ! ಬಿಸಲಾಗ ನಿಂತಾಳ ಕೂಸು!"

ಸಭೆಯ ತಲೆಗಳೆಲ್ಲ ಅತ್ತ ತಿರುಗಿದವು. ಶಿವಗಂಗವ್ವ ಎದ್ದು ನಿಂತಿದ್ದಳು. ಕೈ ರಂಗದ ಕಡೆಗೆ ಚಾಚಿತ್ತು.

ಸೋನುಬಾಯಿ ನಲವತ್ತು ವರ್ಷ ಬಣ್ಣ ಹಚ್ಚಿದವಳು. ಅವಳೂ ಕಂಗಾಲಾದಳು. ಎದ್ದು ತಿರುಗಿ ನನ್ನ ಮೇಲೆ ಬೆರಳಿಟ್ಟಳು. ತೆಗೆಯಲೋ ಬೇಡವೋ ಎಂದು ಓರೆಗಣ್ಣಿನಲ್ಲಿ ಪರದೆಯ ಮರೆಗೆ ನೋಡಿದಳು.

"ನೀಲಕ್ಕ, ತಗಸ್ಲೇನು?" ಮಾಸ್ತರ್ ಪಿಸುಗುಟ್ಟಿದರು. "ಲಗೂ ಹೇಳ್ರಿ."

ನೀಲಕ್ಕ ನನ್ನನ್ನೊಮ್ಮೆ ನೋಡಿದಳು, ಅವ್ವನನ್ನೊಮ್ಮೆ ನೋಡಿದಳು. ತೆಗೆಸಿದರೆ ಸಭೆ ಚಪ್ಪಾಳೆ ತಟ್ಟುತ್ತಿತ್ತು. ಅವ್ವನ ಜೀವಕ್ಕೂ ತಂಪಾಗುತ್ತಿತ್ತೇನೋ.

"ಬ್ಯಾಡ್ರಿ. ಅವತ್ತ ತಗೀಲಿಲ್ಲ" ಎಂದು ತಲೆಯಾಡಿಸಿದಳು.

ಸೋನುಬಾಯಿ ಕೈ ತೆಗೆದಳು. ಬಾಗಿಲ ಹಿಂದಿನ ಹೆಜ್ಜೆಗಳು ನಿಧಾನವಾಗಿ ದೂರವಾದವು. ಅವು ಪೂರ್ತಿ ನಿಲ್ಲುವವರೆಗೂ ಶಿವಗಂಗವ್ವ ನಿಂತೇ ಇದ್ದಳು. ಆಮೇಲೆ ಪಕ್ಕದ ಮನೆಯವಳು ಕೈಹಿಡಿದು ಕೂರಿಸಿದಳು.

ನಾಟಕ ಮುಗಿದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕರೆದರೂ ನೀಲಕ್ಕ ಮುಂದೆ ಬರಲಿಲ್ಲ. ನನ್ನ ಪಕ್ಕದ ಕತ್ತಲೆಯಲ್ಲಿ ಗೋಡೆಗೊರಗಿ ನಿಂತಿದ್ದಳು. ಸಭೆ ಖಾಲಿಯಾದ ಮೇಲೆ ಶಿವಗಂಗವ್ವ ಒಂದೊಂದೇ ಮೆಟ್ಟಿಲು ಹತ್ತಿ ರಂಗದ ಮೇಲೆ ಬಂದಳು. ಮಗಳ ಕಡೆ ನೋಡದೆ ನೇರ ನನ್ನ ಬಳಿ ಬಂದು ಒಂದು ಬೆರಳಿನಿಂದ ಸರಿಸಿದಳು. ನಾನು ಸಲೀಸಾಗಿ ಸರಿದೆ. ಬಾಗಿಲು ತೆರೆಯಿತು. ಆಚೆ ಒಂದು ಹಗ್ಗ, ಒಂದು ಏಣಿ, ಸುಣ್ಣ ಕಾಣದ ಗೋಡೆ.

"ಇಷ್ಟ ಹಗರ ಇತ್ತೇನ ಇದು?" ಎಂದಳು.

ಆಮೇಲೆ ಮಗಳ ಕಡೆ ತಿರುಗಿದಳು.

"ಆ ಮನ್ಯಾಗ ಇನ್ನೊಂದ ಹುಡುಗಿ ಇತ್ತಲ್ಲ, ಅಕಿ ಎಲ್ಲೆ? ಹನ್ನೆರಡು ವರ್ಷದಕಿ. ಒಳ್ಳಕಲ್ಲಿನ ಬಾಜೂಕ ನಿಂತಿದ್ಲು. ಚಿಲಕ ಅಕಿ ಕೈಗೂ ಎಟಕತಿತ್ತು."

ನೀಲಕ್ಕ ತಲೆ ತಗ್ಗಿಸಿದಳು. "ಹೌದವ್ವಾ. ಎಟಕತಿತ್ತು."

"ಮತ್ತ ಅಕಿನ್ಯಾಕ ಬರೀಲಿಲ್ಲ?"

"ಧೈರ್ಯ ಆಗ್ಲಿಲ್ಲ."

"ನನ್ನ ಬರ್ಯಾಕ ಆತು" ಎಂದಳು ಶಿವಗಂಗವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ರಂಗದ ಹಲಗೆಯ ಮೇಲೆ ಕುಕ್ಕರಿಸಿ, ಮಗಳ ಕೈಹಿಡಿದೆಳೆದು ಪಕ್ಕಕ್ಕೆ ಕೂರಿಸಿಕೊಂಡಳು. ಇಬ್ಬರೂ ತೆರೆದ ಬಾಗಿಲ ಮುಂದೆ ಕೂತರು. ದೀಪ ಆರಿಸಲು ಬಂದ ಮಾಸ್ತರ್ ಹಾಗೆಯೇ ಹಿಂದಿರುಗಿದರು.

ಎರಡನೇ ಪ್ರಯೋಗದಲ್ಲಿ ಒಂದು ಹೊಸ ಪಾತ್ರವಿತ್ತು. ಒರಳಿನ ಪಕ್ಕ ನಿಂತ ಹುಡುಗಿ. ಅವಳಿಗೆ ಮಾತಿರಲಿಲ್ಲ. ನಾನು ಟಕ್ಕೆಂದಾಗ ಸುಮ್ಮನೆ ನೋಡುತ್ತಿದ್ದಳು. ಜನ ಅಲ್ಲಿಯವರೆಗೆ ತಾಯಿಯನ್ನು ಬೈಯುತ್ತಿದ್ದವರು ಅವಳನ್ನು ಕಂಡು ಸುಮ್ಮನಾಗುತ್ತಿದ್ದರು. ಹನ್ನೊಂದು ಪ್ರಯೋಗಗಳಾದವು.

ಆ ಬಾಗಿಲು ಈಗಿಲ್ಲ. ನನ್ನನ್ನು ಬಿಚ್ಚಿ ತಗಡಿನ ಟ್ರಂಕಿನಲ್ಲಿ ಹಾಕಿದ್ದಾರೆ. ಸುಳ್ಳು ಗಡ್ಡಗಳು, ಮರದ ಕತ್ತಿಗಳು ನನ್ನ ಜೊತೆಗಾರರು. ಮೈಗೆ ತುಕ್ಕು ಹಿಡಿದಿದೆ. ಸುಮ್ಮನೆ ಬಿದ್ದಿರುವಾಗ ಆ ಸಂಜೆ ನನ್ನ ಮೇಲೆ ಬಂದ ಕೈಗಳನ್ನು ನೆನೆಯುತ್ತೇನೆ. ಚಿಲಕಕ್ಕೆ ಹಾಕುವುದೂ ತೆಗೆಯುವುದೂ ಒಂದೇ ಶ್ರಮ. ಕೈಗಳಿಗೆ ಹಾಗಲ್ಲ. ಹಾಕಲು ಒಂದು ಗಳಿಗೆ ಸಾಕಾಗಿದ್ದ ಶಿವಗಂಗವ್ವನ ಬೆರಳಿಗೆ, ತೆಗೆಯಲು ಮೂವತ್ತೈದು ವರ್ಷ ಹಿಡಿಯಿತು.